14 ಜನರ ಟೀಮಿಗೆ ಲ್ಯಾಪ್‌ಟಾಪ್: ಐ5ಆ ಐ7ಆ ಅನ್ನೋದನ್ನು ಕೊನೆಗೆ ಕೇಳಿ

ಪ್ರಶ್ನೆ: ನಮ್ಮದು 14 ಜನರ ಸಣ್ಣ ಕಂಪನಿ. ಅಕೌಂಟ್ಸ್‌ನಲ್ಲಿ ಮೂವರು, ಸೇಲ್ಸ್‌ನಲ್ಲಿ ಐವರು (ವಾರದಲ್ಲಿ ಮೂರ್ನಾಲ್ಕು ದಿನ ಹೊರಗೇ ಇರುತ್ತಾರೆ), ಡಿಸೈನ್ ಮಾಡುವವರು ಇಬ್ಬರು, ಉಳಿದ ನಾಲ್ವರದ್ದು ಆಫೀಸ್ ಕೆಲಸ. ಈಗಿರುವ ಲ್ಯಾಪ್‌ಟಾಪ್‌ಗಳು ಬೇರೆ ಬೇರೆ ವರ್ಷ ತೆಗೆದುಕೊಂಡವು, ಬೇರೆ ಬೇರೆ ಬ್ರ್ಯಾಂಡ್. ಎಲ್ಲದರಲ್ಲೂ 8 ಜಿಬಿ ರ‍್ಯಾಮ್, ಅರ್ಧಕ್ಕರ್ಧ ಇನ್ನೂ ವಿಂಡೋಸ್ 10ರಲ್ಲೇ ಇವೆ. ಎಲ್ಲವನ್ನೂ ಒಂದೇ ಸಲ ಬದಲಿಸೋಣ ಅಂತಿದ್ದೇವೆ. ಪ್ರೊಸೆಸರ್ ಐ5 ಸಾಕಾ, ಐ7 ಬೇಕಾ? ಮ್ಯಾಕ್ ಕೊಟ್ಟರೆ ಹೇಗೆ? ಸಪ್ಲೈಯರ್ ಕೊಟ್ಟ ಕೊಟೇಶನ್‌ಗಿಂತ ಮೂರನೇ ಒಂದು ಭಾಗ ಕಮ್ಮಿಗೆ ಅದೇ ‘ಐ5/16/512’ (ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಡಿಸ್ಕ್) ಲ್ಯಾಪ್‌ಟಾಪ್ ಆನ್‌ಲೈನ್ ಸೇಲ್‌ನಲ್ಲಿ ಸಿಗುತ್ತಿದೆ. ಅಲ್ಲೇ ತೆಗೆದುಕೊಂಡರೆ ತಪ್ಪಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಆ ಗುಂಡಿಗೆ ನಾನೂ ಒಮ್ಮೆ ಬಿದ್ದವನೇ.

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಆಫೀಸಿಗೆ 11 ಲ್ಯಾಪ್‌ಟಾಪ್ ಬೇಕಿತ್ತು. ಮನೆ ಬಳಕೆಯ ಮಾಡೆಲ್ ಒಂದು ಒಳ್ಳೆ ಬೆಲೆಗೆ ಬಂತು, ನೋಡೋಕೂ ಚೆನ್ನಾಗಿತ್ತು, ತೆಗೆದುಕೊಂಡೆವು. ಒಂದು ವರ್ಷ ಏನೂ ಆಗಲಿಲ್ಲ, ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹದಿನಾಲ್ಕನೇ ತಿಂಗಳಿಗೆ ಮೊದಲ ಹಿಂಜ್ ಕಿತ್ತುಬಂತು, ಮುಚ್ಚಳ ತೆರೆದರೆ ಕೀಬೋರ್ಡ್ ಪಕ್ಕದ ಪ್ಲಾಸ್ಟಿಕ್ಕೂ ಜೊತೆಗೇ ಏಳುತ್ತಿತ್ತು. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಆಮೇಲೆ ಅಕೌಂಟ್ಸ್‌ನವರ ಮೆಷಿನ್, ಅದೂ ತಿಂಗಳ ಕೊನೆಯಲ್ಲಿ, ಆನ್ ಆಗೋದೇ ನಿಂತಿತು. ಸರ್ವಿಸ್ ಸೆಂಟರ್‌ನವರು ಬೋರ್ಡ್ ತರಿಸಬೇಕು ಅಂದರು, ಮೂರು ವಾರ ಇಟ್ಟುಕೊಂಡರು. ಕಂಪನಿಯ ಲೆಕ್ಕವೆಲ್ಲ ಇದ್ದ ಡಿಸ್ಕ್ ಆ ಮೂರು ವಾರ ಯಾರದೋ ಮೇಜಿನ ಮೇಲೆ ಇತ್ತು. ಉಳಿಸಿದ ದುಡ್ಡೆಲ್ಲ ಅಲ್ಲಿಗೇ ಹೋಯಿತು, ಜೊತೆಗೆ ನನ್ನ ಮರ್ಯಾದೆಯೂ.

ಅಂದಿನಿಂದ ಆಫೀಸಿಗೆ ಲ್ಯಾಪ್‌ಟಾಪ್ ನೋಡುವಾಗ ನಾನು ಮೊದಲು ಕೇಳೋದು ಒಂದೇ: ಇದು ಕೆಟ್ಟ ದಿನ ಏನಾಗುತ್ತೆ? ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಅಲ್ಲಿಯವರೆಗೆ ಆ ಮನುಷ್ಯ ಯಾವುದರ ಮೇಲೆ ಕೆಲಸ ಮಾಡುತ್ತಾನೆ, ಒಳಗಿನ ಫೈಲ್‌ಗಳು ಯಾರ ಕೈಗೆ ಸಿಗುತ್ತವೆ? 14 ಮೆಷಿನ್ ನಾಲ್ಕು ವರ್ಷ ಓಡಿದರೆ ಒಂದೆರಡಾದರೂ ಕೆಡುತ್ತವೆ, ಯಾವ ಬ್ರ್ಯಾಂಡ್ ಆದರೂ ಅಷ್ಟೇ. ಪ್ರೊಸೆಸರ್ ಮಾತು ಆಮೇಲೆ.

ಈಗ ಆ ‘ಐ5/16/512’ಗೆ ಬರೋಣ. ನೀವು ಹೋಲಿಸಿದ ಎರಡೂ ಲ್ಯಾಪ್‌ಟಾಪ್ ಒಂದೇ ಅಂತ ಅನ್ನಿಸುವುದು ಆ ಸಾಲು ಅಷ್ಟು ಚಿಕ್ಕದಾಗಿ ಇರೋದರಿಂದ. ಎರಡರದ್ದೂ ಪೂರ್ತಿ ಪಾರ್ಟ್ ನಂಬರ್ (ಆ ಕಾನ್ಫಿಗರೇಶನ್‌ಗೇ ಅಂತ ತಯಾರಕರು ಕೊಟ್ಟ ಕೋಡ್) ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಅಗ್ಗದ್ದರಲ್ಲಿ ಸಾಮಾನ್ಯವಾಗಿ ಇಷ್ಟು ಸಿಗುತ್ತೆ: 250 ನಿಟ್ಸ್ ಬೆಳಕಿನ, 45 ಪರ್ಸೆಂಟ್ ಎನ್‌ಟಿಎಸ್‌ಸಿ ಬಣ್ಣದ ಸಪ್ಪೆ ಸ್ಕ್ರೀನ್, ವಿಂಡೋಸ್ ಹೋಮ್, ಒಂದೇ ವರ್ಷದ ವಾರಂಟಿ, ಅದೂ ನೀವೇ ಹೊತ್ತುಕೊಂಡು ಹೋಗಿ ಕೊಡುವ ಬಗೆಯದು, 40 ವ್ಯಾಟ್ ಅವರ್ ಆಸುಪಾಸಿನ ಬ್ಯಾಟರಿ. ಬಿಸಿನೆಸ್ ಸಾಲಿನ ಮೆಷಿನ್‌ಗಳಲ್ಲಿ, ಅಂದರೆ ಲೆನೊವೊದ ಥಿಂಕ್‌ಪ್ಯಾಡ್, ಎಚ್‌ಪಿಯ ಪ್ರೊಬುಕ್, ಎಲೈಟ್‌ಬುಕ್, ಡೆಲ್‌ನ ಲ್ಯಾಟಿಟ್ಯೂಡ್ (2025ರಿಂದ ಇದರ ಹೆಸರು ಡೆಲ್ ಪ್ರೊ), ಈ ತರಹದವುಗಳಲ್ಲಿ ವಿಂಡೋಸ್ ಪ್ರೊ, ಆನ್‌ಸೈಟ್ ವಾರಂಟಿ (ಅವರೇ ನಿಮ್ಮಲ್ಲಿಗೆ ಬಂದು ಸರಿಮಾಡುವುದು), ವರ್ಷಗಟ್ಟಲೆ ಸಿಗುವ ಬಿಡಿಭಾಗ ಇವಕ್ಕೆ ನೀವು ದುಡ್ಡು ಕೊಡುತ್ತಿದ್ದೀರಿ. ಹೆಸರು ನೋಡಿ ನಂಬಬೇಡಿ ಅನ್ನೋದನ್ನೂ ಸೇರಿಸುತ್ತೇನೆ. ಥಿಂಕ್‌ಪ್ಯಾಡ್ ಅಂತ ಬರೆದಿದ್ದರೂ ಅದರ ತೀರಾ ಕೆಳಗಿನ ಕಾನ್ಫಿಗರೇಶನ್‌ಗೆ ಅದೇ ಸಪ್ಪೆ ಸ್ಕ್ರೀನ್ ಹಾಕಿ ಮಾರುತ್ತಾರೆ. ಅದಕ್ಕೇ ಪಾರ್ಟ್ ನಂಬರ್ ಅಂದೆ.

ರ‍್ಯಾಮ್ ವಿಷಯದಲ್ಲಿ ನಿಮ್ಮಲ್ಲೇ ಒಂದು ಪ್ರಯೋಗ ಮಾಡಿ. ಕೆಲಸದ ದಿನ ಮಧ್ಯಾಹ್ನ ಮೂರು ಗಂಟೆಗೆ, ಬ್ರೌಸರ್, ಎಕ್ಸೆಲ್, ಮೀಟಿಂಗ್ ಎಲ್ಲ ತೆರೆದಿರುವಾಗ, ನಾಲ್ಕೈದು ಜನರ ಮೆಷಿನ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ನೋಡಿ. 8 ಜಿಬಿಯಲ್ಲಿ ಏಳು, ಏಳೂವರೆ ತುಂಬಿ ಕೂತಿರುತ್ತೆ, ಅದೇ ನಿಮ್ಮ ಜನ ದಿನವಿಡೀ ‘ಸ್ಲೋ ಸ್ಲೋ’ ಅನ್ನೋದರ ಕಾರಣ. ಪ್ರೊಸೆಸರ್ ಮೇಲೆ ಅಷ್ಟೊಂದು ಭಾರ ಬಿದ್ದಿರೋದಿಲ್ಲ, ಅದೇ ಪುಟದಲ್ಲಿ ಅದನ್ನೂ ನೋಡಬಹುದು. ಹಾಗಾಗಿ ಎಲ್ಲರಿಗೂ 16 ಜಿಬಿ, ಡಿಸೈನ್‌ನವರಿಗೆ 32. ಅದೇ ಪುಟದ ಕೆಳಗೆ ‘ಫಾರ್ಮ್ ಫ್ಯಾಕ್ಟರ್’ ಅಂತ ಒಂದು ಸಾಲಿದೆ, ಅದರ ಮುಂದೆ ‘ಎಸ್‌ಒಡಿಐಎಂಎಂ’ ಅಂತ ಇದ್ದರೆ ರ‍್ಯಾಮ್ ಬಿಚ್ಚಿ ಬದಲಿಸಬಹುದು, ‘ರೋ ಆಫ್ ಚಿಪ್ಸ್’ ಅಂತ ಇದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸೋಕೆ ಆಗೋದಿಲ್ಲ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಈಗ ಜಾಸ್ತಿ ಎರಡನೆಯದೇ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ‍್ಯಾಮ್ ಪ್ರೊಸೆಸರ್ ಜೊತೆಗೇ ಕೂತಿರುತ್ತೆ, 16 ಇಲ್ಲಾ 32, ಅಷ್ಟೇ. ‘ಈಗ 8 ತಗೊಂಡು ಆಮೇಲೆ ಹಾಕಿಸೋಣ’ ಅನ್ನುವ ಹಳೇ ಲೆಕ್ಕವನ್ನು ಹಾಕುವ ಮುಂಚೆ ಸ್ಲಾಟ್ ಇದೆಯಾ ಕೇಳಿ.

ಸರಿ, ಐ5ಆ ಐ7ಆ? ಒಂದು ಉದಾಹರಣೆ ಕೊಡುತ್ತೇನೆ. ಇಂಟೆಲ್‌ನ 13ನೇ ತಲೆಮಾರಿನ ಐ5-1335ಯು ಮತ್ತು ಐ7-1355ಯು ತೆಗೆದುಕೊಳ್ಳಿ. ಎರಡರಲ್ಲೂ 10 ಕೋರ್, 12 ಥ್ರೆಡ್, ಎರಡೂ 15 ವ್ಯಾಟ್‌ನವು. ಗರಿಷ್ಠ ವೇಗ ಒಂದರದ್ದು 4.6 ಗಿಗಾಹರ್ಟ್ಸ್, ಇನ್ನೊಂದರದ್ದು 5. ಇಮೇಲ್ ಬರೆಯುವವರಿಗೆ, ಇನ್‌ವಾಯ್ಸ್ ಹಾಕುವವರಿಗೆ ಆ ವ್ಯತ್ಯಾಸ ಕಣ್ಣಿಗೇ ಬೀಳೋದಿಲ್ಲ. ಹೆಸರಿನ ಕೊನೆಯ ಅಕ್ಷರ ಇದಕ್ಕಿಂತ ಜಾಸ್ತಿ ಹೇಳುತ್ತೆ: ‘ಯು’ ಅಂದರೆ ಕಮ್ಮಿ ಕರೆಂಟಿನದು, ಬ್ಯಾಟರಿ ಬಾಳುತ್ತೆ, ‘ಎಚ್’ ಅಂದರೆ ಜೋರು, ಆದರೆ ಬಿಸಿ, ಫ್ಯಾನ್ ಸದ್ದು. ಎಎಂಡಿಯಲ್ಲಿ ಇನ್ನೊಂದು ಮೋಜಿದೆ. ರೈಜನ್ 5 7520ಯು, 7530ಯು, 7540ಯು ಮೂರೂ ಅಣ್ಣತಮ್ಮಂದಿರ ತರಹ ಕಾಣುತ್ತವೆ. ಮೂರನೇ ಅಂಕಿ ನೋಡಬೇಕು: 2 ಅಂದರೆ ಝೆನ್ 2, 3 ಅಂದರೆ ಝೆನ್ 3, 4 ಅಂದರೆ ಝೆನ್ 4 (ಝೆನ್ ಅನ್ನೋದು ಎಎಂಡಿಯ ಕೋರ್ ವಿನ್ಯಾಸದ ಹೆಸರು, ಅಂಕಿ ದೊಡ್ಡದಾದಷ್ಟೂ ಹೊಸದು). 7520ಯು ಒಳಗಿರೋದು ಹಳೇ ವಿನ್ಯಾಸದ ನಾಲ್ಕೇ ಕೋರ್, ಉಳಿದೆರಡರಲ್ಲಿ ಆರಾರು. ಹೊಸ ಸ್ಟಿಕ್ಕರ್ ಅಂಟಿಸಿದ ಹಳೇ ಸರಕು ಅನ್ನೋಣ. ಸೇಲ್‌ನಲ್ಲಿ ಸಿಕ್ಕಾಪಟ್ಟೆ ಕಮ್ಮಿಗೆ ಸಿಗುವ ರೈಜನ್ 5 ಹೆಚ್ಚಾಗಿ ಇಂಥದ್ದೇ ಆಗಿರುತ್ತೆ.

ಒಟ್ಟಿನಲ್ಲಿ ಐ7ಗೆ ಅಂತ ಇಟ್ಟ ದುಡ್ಡನ್ನು ವಾರಂಟಿಗೂ ಸ್ಕ್ರೀನಿಗೂ ಹಾಕಿ. ಸ್ಕ್ರೀನ್ ಅಂದಾಗ ನನ್ನ ಕನಿಷ್ಠ ಬೇಡಿಕೆ: ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಬಗೆ), ಹೊಳೆಯದ ಮ್ಯಾಟ್ ಮೇಲ್ಮೈ, 300 ನಿಟ್ಸ್, ಹೊರಗೆ ಸುತ್ತುವವರಿಗೆ 400, ಸಾಧ್ಯವಾದರೆ 1920×1200. ಮಾಮೂಲಿ 1920×1080ಕ್ಕಿಂತ 120 ಗೆರೆ ಜಾಸ್ತಿ ಇರುತ್ತಲ್ಲ, ಅದರಲ್ಲಿ ಎಕ್ಸೆಲ್‌ನ ಐದಾರು ಸಾಲು ಹೆಚ್ಚಿಗೆ ಕಾಣುತ್ತವೆ. ಇಡೀ ದಿನ ಶೀಟ್ ನೋಡುವವರಿಗೆ ಅದು ದೊಡ್ಡ ಉಪಕಾರ.

ಇನ್ನು ಯಾರಿಗೆ ಯಾವುದು ಅನ್ನೋದು. 14 ಜನಕ್ಕೆ 14 ಬಗೆ ಬೇಡ. ಒಂದೇ ಮಾಡೆಲ್, ಎರಡು ಕಾನ್ಫಿಗರೇಶನ್, ಡಿಸೈನ್‌ನವರಿಗೆ ಮಾತ್ರ ಬೇರೆ. ಚಾರ್ಜರ್ ಒಂದೇ, ಡಾಕ್ (ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸುವ ಡಬ್ಬಿ) ಒಂದೇ, ಡ್ರೈವರ್ (ಪ್ರಿಂಟರ್‌ನಂಥ ಸಾಧನಗಳನ್ನು ಓಡಿಸುವ ಸಾಫ್ಟ್‌ವೇರ್) ಒಂದೇ, ಒಂದರಲ್ಲಿ ಬಂದ ತೊಂದರೆ ಪರಿಹಾರವಾದರೆ ಎಲ್ಲದಕ್ಕೂ ಆದ ಹಾಗೆ. ಸೇಲ್ಸ್‌ನವರಿಗೆ 14 ಇಂಚು, ಒಂದೂವರೆ ಕಿಲೋ ಒಳಗೆ (ಚಾರ್ಜರ್ ಸೇರಿಸಿ ತೂಗಿ ನೋಡಿ, ಬ್ರೋಷರ್‌ನಲ್ಲಿ ಅದನ್ನು ಸೇರಿಸಿರೋದಿಲ್ಲ), 55 ವ್ಯಾಟ್ ಅವರ್‌ಗೆ ಕಮ್ಮಿಯಿಲ್ಲದ ಬ್ಯಾಟರಿ, 1080 ಕ್ಯಾಮೆರಾ. ಆಫೀಸಿನ ನಾಲ್ವರಿಗೂ ಅದೇ ಮಾಡೆಲ್ ಸಾಕು, ಬ್ಯಾಟರಿ ಚಿಕ್ಕದಿದ್ದರೂ ನಡೆಯುತ್ತೆ.

ಅಕೌಂಟ್ಸ್‌ನವರು ನಂಬರ್ ಪ್ಯಾಡ್ ಕೇಳುತ್ತಾರೆ. ಕೇಳಲೇಬೇಕು, ಅದಿಲ್ಲದೆ ಅವರ ಕೈ ಕಟ್ಟಿಹಾಕಿದ ಹಾಗೆ. ಅದಕ್ಕಂತ ತಕ್ಷಣ 16 ಇಂಚಿಗೆ ಹೋಗಬೇಡಿ. ಅದರಲ್ಲಿ ನಂಬರ್ ಪ್ಯಾಡ್ ಬಂದು ಉಳಿದ ಕೀಬೋರ್ಡ್, ಟಚ್‌ಪ್ಯಾಡ್ ಎಲ್ಲ ಎಡಕ್ಕೆ ಸರಿದಿರುತ್ತೆ, ಮೈ ಸ್ವಲ್ಪ ಸೊಟ್ಟ ಮಾಡಿಕೊಂಡೇ ಟೈಪ್ ಮಾಡಬೇಕು. ಅದೇ 14 ಇಂಚಿನದನ್ನೇ ಕೊಟ್ಟು ಮೇಜಿನ ಮೇಲೆ 24 ಇಂಚಿನ ಮಾನಿಟರ್, ಪೂರ್ತಿ ಕೀಬೋರ್ಡ್, ಮೌಸ್ ಇಡಿ. ಮಾನಿಟರ್ ಎರಡು ಲ್ಯಾಪ್‌ಟಾಪ್‌ಗಳ ಆಯಸ್ಸು ಬಾಳುತ್ತೆ, ಕುತ್ತಿಗೆನೂ ಉಳಿಯುತ್ತೆ.

ಮಾನಿಟರ್ ಅಂದ ಮೇಲೆ ಟೈಪ್-ಸಿ ಪೋರ್ಟ್ ಬಗ್ಗೆ ಹೇಳದೆ ಬಿಡೋಕಾಗಲ್ಲ. ನೋಡೋಕೆ ಎಲ್ಲ ಒಂದೇ ತೂತು. ಒಂದು ಬರೀ ಪೆನ್‌ಡ್ರೈವ್‌ಗೆ, ಇನ್ನೊಂದು ಚಾರ್ಜ್ ಮಾಡುತ್ತೆ ಆದರೆ ಚಿತ್ರ ಕಳಿಸಲ್ಲ, ಮತ್ತೊಂದು ಎಲ್ಲ ಮಾಡುತ್ತೆ. ಪಕ್ಕದಲ್ಲಿ ಬಾಣದ ತುದಿಯ ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್, ಚಿಂತೆಯಿಲ್ಲ. ಇಲ್ಲದಿದ್ದರೆ ಸಪ್ಲೈಯರ್‌ಗೆ ಬರವಣಿಗೆಯಲ್ಲಿ ಕೇಳಿ: ಈ ಪೋರ್ಟ್‌ನಲ್ಲಿ ಪವರ್ ಡೆಲಿವರಿ ಇದೆಯಾ, ಡಿಸ್‌ಪ್ಲೇಪೋರ್ಟ್ ಇದೆಯಾ? ಎರಡೂ ಇದ್ದರೆ ಒಂದೇ ಕೇಬಲ್ ಚುಚ್ಚಿದರೆ ಮಾನಿಟರ್, ಚಾರ್ಜ್, ಕೀಬೋರ್ಡ್ ಎಲ್ಲ ಬರುತ್ತೆ. 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಇರುವುದನ್ನೇ ಆರಿಸಿ, ಆಗ ಮನೆಯಲ್ಲಿ ಚಾರ್ಜರ್ ಮರೆತು ಬಂದವರು ಪಕ್ಕದವರದ್ದನ್ನೇ ಹಾಕಿಕೊಳ್ಳಬಹುದು. ಬ್ರ್ಯಾಂಡ್‌ಗೊಂದು ಪಿನ್ ಇದ್ದ ಕಾಲದಲ್ಲಿ ಕೆಲಸ ಮಾಡಿದವರಿಗೆ ಇದರ ಸುಖ ಗೊತ್ತು.

ಡಿಸೈನ್‌ನ ಇಬ್ಬರು ಏನು ಬಳಸುತ್ತಾರೆ ಅಂತ ನೀವು ಬರೆದಿಲ್ಲ. ಫೋಟೋಶಾಪ್, ಇಲಸ್ಟ್ರೇಟರ್, ಸ್ವಲ್ಪ ವಿಡಿಯೋ ಅಂದರೆ ಮ್ಯಾಕ್‌ಬುಕ್ ಏರ್ ಅಥವಾ ಪ್ರೊ ಕಣ್ಣುಮುಚ್ಚಿ ಕೊಡಬಹುದು. 2024ರ ಅಕ್ಟೋಬರ್‌ನಿಂದ ಏರ್‌ನ ಕೆಳಗಿನ ಮಾಡೆಲ್‌ನಲ್ಲೂ 16 ಜಿಬಿ ಕೊಡುತ್ತಿದ್ದಾರೆ, ಮೊದಲಿನ ದೊಡ್ಡ ತಕರಾರು ಅದೇ ಆಗಿತ್ತು. ಹಳೇ ಸ್ಟಾಕ್ ಅಗ್ಗಕ್ಕೆ ಸಿಕ್ಕರೆ ಹುಷಾರು: ಎಂ1, ಎಂ2 ಏರ್‌ಗಳು ಹೊರಗಿನ ಮಾನಿಟರ್ ಒಂದನ್ನೇ ಒಪ್ಪುತ್ತವೆ, ಎಂ3 ಎರಡು ಒಪ್ಪುತ್ತೆ ಆದರೆ ಮುಚ್ಚಳ ಮುಚ್ಚಿರಬೇಕು, ಎಂ4ಗೆ ಆ ಕಿರಿಕಿರಿ ಇಲ್ಲ. ಸಾಲಿಡ್‌ವರ್ಕ್ಸ್ ತರಹದ್ದಾದರೆ ವಿಂಡೋಸೇ ಬೇಕು, ಅದಕ್ಕೆ ಬೇರೆ ಗ್ರಾಫಿಕ್ಸ್ ಚಿಪ್ ಇರುವ ವರ್ಕ್‌ಸ್ಟೇಷನ್ ಸಾಲಿನದು. ಅಕೌಂಟ್ಸ್‌ನವರಿಗೆ ಮಾತ್ರ ಮ್ಯಾಕ್ ಕೊಡಬೇಡಿ. ಮ್ಯಾಕ್‌ನ ಎಕ್ಸೆಲ್‌ನಲ್ಲಿ ಪವರ್ ಪಿವಟ್ ಇಲ್ಲ, ಅವರ ಸಾಫ್ಟ್‌ವೇರ್ ವಿಂಡೋಸ್‌ಗೇ ಬರೆದದ್ದಾಗಿರುವ ಸಾಧ್ಯತೆ ಜಾಸ್ತಿ, ಕೀ ಶಾರ್ಟ್‌ಕಟ್ ಬದಲಾದರೆ ಮೊದಲ ವಾರವೇ ನಿಮ್ಮ ಕ್ಯಾಬಿನ್‌ಗೆ ಬರುತ್ತಾರೆ.

ಇದೇ ಕಾರಣಕ್ಕೆ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನೂ ಒಮ್ಮೆ ತಡೆದು ನೋಡಿ. ಬ್ಯಾಟರಿ ಅದ್ಭುತ. ಆದರೆ ಅವು ಆರ್ಮ್ ಚಿಪ್‌ಗಳು, ಇಂಟೆಲ್, ಎಎಂಡಿಯವಕ್ಕಿಂತ ಬೇರೆ ಜಾತಿಯವು. ಮಾಮೂಲಿ ಪ್ರೋಗ್ರಾಂಗಳನ್ನು ಅನುಕರಿಸಿ ಓಡಿಸುತ್ತವೆ, ಡ್ರೈವರ್‌ಗಳನ್ನು ಹಾಗೆ ಓಡಿಸೋಕಾಗಲ್ಲ, ಆರ್ಮ್‌ಗೆಂದೇ ಬರೆದ ಡ್ರೈವರ್ ಬೇಕು. ನಿಮ್ಮ ಹಳೇ ಸ್ಕ್ಯಾನರ್, ಲೇಬಲ್ ಪ್ರಿಂಟರ್, ಯುಎಸ್‌ಬಿ ಟೋಕನ್, ವಿಪಿಎನ್ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಅದು ಇಲ್ಲದಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಸೇಲ್ಸ್‌ನವರಿಗೆ ಬರೀ ಬ್ರೌಸರ್ ಕೆಲಸ ಅಂದರೆ ನೋಡಬಹುದು. ಇನ್ನು ‘ಎಐ ಪಿಸಿ’, ‘ಕೋಪೈಲಟ್ ಪ್ಲಸ್’ ಅನ್ನುವ ಸ್ಟಿಕ್ಕರ್. ಬಂದರೆ ಬರಲಿ, ಅದಕ್ಕಂತಲೇ ಜಾಸ್ತಿ ಕೊಡಬೇಡಿ.

ವಿಂಡೋಸ್ ಹೋಮ್ ಯಾಕೆ ಬೇಡ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೋಮ್‌ನಲ್ಲಿ ಕಂಪನಿಯ ಡೊಮೇನ್‌ಗೆ ಸೇರಿಸೋಕಾಗಲ್ಲ, ಗ್ರೂಪ್ ಪಾಲಿಸಿ (ಎಲ್ಲ ಮೆಷಿನ್‌ಗೂ ಒಂದೇ ನಿಯಮ ಹಾಕುವ ಸೌಲಭ್ಯ) ಇಲ್ಲ, ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆ ಮೆಷಿನ್‌ಗೆ ಹೋಗೋಕಾಗಲ್ಲ. ಇವೆಲ್ಲ ಸಣ್ಣ ಕಂಪನಿಗೆ ಬೇಡ ಅನ್ನಿಸಬಹುದು. ನಿಜವಾದ ಪೆಟ್ಟು ಬೇರೆ ಕಡೆ ಇದೆ. ಈಗಿನ ಲ್ಯಾಪ್‌ಟಾಪ್‌ಗಳನ್ನು ನೌಕರರೇ ತಮ್ಮ ಸ್ವಂತ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೆಟಪ್ ಮಾಡಿಕೊಂಡರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಬಹುದು (ಕೀ ಇಲ್ಲದೆ ಯಾರೂ ಓದಲಾಗದ ಹಾಗೆ), ಅದರ ರಿಕವರಿ ಕೀ ಅವರ ಅಕೌಂಟ್‌ಗೆ ಹೋಗಿ ಕೂರುತ್ತೆ. ಅವರು ಕೆಲಸ ಬಿಟ್ಟು ಹೋಗಿ ಆರು ತಿಂಗಳಾದ ಮೇಲೆ, ಬಯಾಸ್ (ಮೆಷಿನ್ ಆನ್ ಆಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ನೀಲಿ ಪರದೆ ಬಂದು 48 ಅಂಕಿಯ ಕೀ ಹಾಕಿ ಅನ್ನುತ್ತೆ. ಈಗ ಫೋನ್ ಮಾಡಿ ಹುಡುಕಿ ಅವರನ್ನು! ಪ್ರೊ ತೆಗೆದುಕೊಂಡು, ಕಂಪನಿಯ ಅಕೌಂಟ್‌ನಿಂದಲೇ ಸೆಟಪ್ ಮಾಡಿ, ಕೀ ಕಂಪನಿಯ ಹತ್ತಿರ ಇದೆ ಅಂತ ಖಾತ್ರಿ ಮಾಡಿಕೊಂಡೇ ಮೆಷಿನ್ ಕೈಗೆ ಕೊಡಿ. ಮೈಕ್ರೋಸಾಫ್ಟ್ 365ರ ಬಿಸಿನೆಸ್ ಪ್ರೀಮಿಯಂ ಪ್ಲಾನ್ ಇದ್ದರೆ ಇಂಟ್ಯೂನ್ (ಮೆಷಿನ್‌ಗಳನ್ನು ದೂರದಿಂದ ನಿಭಾಯಿಸುವ ಸೇವೆ) ಅದರ ಜೊತೆಗೇ ಬರುತ್ತೆ, ಲ್ಯಾಪ್‌ಟಾಪ್ ಕಳೆದುಹೋದರೆ ಕೂತಲ್ಲಿಂದಲೇ ಅಳಿಸುವ ಆದೇಶ ಕಳಿಸಬಹುದು. ಮೆಷಿನ್ ಇಂಟರ್ನೆಟ್‌ಗೆ ಬಂದ ಕೂಡಲೇ ಅಳಿಸಿಹೋಗುತ್ತೆ.

ವಾರಂಟಿ ಬಗ್ಗೆ ಜಗ್ಗಾಡೋದು ಬೆಲೆ ಬಗ್ಗೆ ಜಗ್ಗಾಡೋದಕ್ಕಿಂತ ಲಾಭ. ಕೇಳಬೇಕಾದ್ದು: ಮೂರು ವರ್ಷ, ಆನ್‌ಸೈಟ್, ಮುಂದಿನ ಕೆಲಸದ ದಿನ. ಬ್ಯಾಟರಿಗೆ ಬೇರೆ ಅವಧಿ ಇರುತ್ತೆ, ಹೆಚ್ಚಾಗಿ ಒಂದೇ ವರ್ಷ, ಅದನ್ನು ಬರೆಸಿಕೊಳ್ಳಿ. ಸೇಲ್ಸ್‌ನ ಐದಕ್ಕೆ ಬಿದ್ದರೆ, ಕಾಫಿ ಚೆಲ್ಲಿದರೆ ಸರಿಮಾಡಿಕೊಡುವ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಸೇರಿಸಿ. ಅಕೌಂಟ್ಸ್‌ನ ಮೂರಕ್ಕೆ ‘ಕೀಪ್ ಯುವರ್ ಡ್ರೈವ್’ ಅನ್ನೋ ಆಯ್ಕೆ ಕೇಳಿ: ಡಿಸ್ಕ್ ಕೆಟ್ಟು ಬದಲಿಸಿದರೂ ಹಳೇದು ನಿಮ್ಮ ಹತ್ತಿರವೇ ಉಳಿಯುತ್ತೆ. ನನಗೆ ಅಂದು ಇದು ಗೊತ್ತಿದ್ದಿದ್ದರೆ! ಮೆಷಿನ್ ಬಂದ ದಿನವೇ ಸೀರಿಯಲ್ ನಂಬರ್ ಹಾಕಿ ಕಂಪನಿಯ ಸೈಟ್‌ನಲ್ಲಿ ವಾರಂಟಿ ತಾರೀಕು ನೋಡಿ. ಕೆಲವೊಮ್ಮೆ ಅದು ಗೋಡೌನ್‌ನಿಂದ ಹೊರಟ ದಿನದಿಂದಲೇ ಓಡುತ್ತಿರುತ್ತೆ. ಇನ್‌ವಾಯ್ಸ್ ಕಳಿಸಿ ಸರಿಮಾಡಿಸಿಕೊಳ್ಳಿ.

ಹದಿನಾಲ್ಕಲ್ಲ, ಹದಿನೈದು ತೆಗೆದುಕೊಳ್ಳಿ. ಆ ಒಂದು ಹೆಚ್ಚಿನದನ್ನು ಪೂರ್ತಿ ಸೆಟಪ್ ಮಾಡಿ ಬೀರುವಿನಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆದು ಅಪ್‌ಡೇಟ್ ಮಾಡಿ, ಬ್ಯಾಟರಿ ಅರ್ಧ ಇರುವ ಹಾಗೆ ಮತ್ತೆ ಇಡಿ. ಯಾರಾದರೂ ಬೆಳಗ್ಗೆ ‘ಆನ್ ಆಗ್ತಿಲ್ಲ’ ಅಂತ ಬಂದರೆ ಲಾಗಿನ್ ಮಾಡಿ ಕೊಟ್ಟು ಕಳಿಸುವುದಷ್ಟೇ. ಇದು ಕೆಲಸ ಮಾಡಬೇಕಾದರೆ ಫೈಲ್‌ಗಳು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರಬಾರದು, ಒನ್‌ಡ್ರೈವ್, ಗೂಗಲ್ ಡ್ರೈವ್, ನಿಮ್ಮದೇ ಸರ್ವರ್, ಯಾವುದೋ ಒಂದರಲ್ಲಿ ಇರಬೇಕು.

ಎಲ್ಲ ಒಂದೇ ಸಲ ಬದಲಿಸಬೇಕಾ? ಬದಲಿಸಿದರೆ ನಾಲ್ಕು ವರ್ಷದ ನಂತರ ಎಲ್ಲ ಒಂದೇ ಸಲ ಮುದಿಯಾಗುತ್ತವೆ, ಮತ್ತೆ ಒಂದೇ ಸಲ ಖರ್ಚು. ನಾನಾದರೆ ಈ ವರ್ಷ ಎಂಟು, ಮುಂದಿನ ವರ್ಷ ಏಳು. ಮೊದಲು ವಿಂಡೋಸ್ 10ರವು. ಅದಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಲ್ಲಿಸಿದೆ. ದುಡ್ಡು ಕೊಟ್ಟರೆ ಕಂಪನಿಗಳಿಗೆ ಮೂರು ವರ್ಷದವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತೆ, ಆದರೆ ಆ ಶುಲ್ಕ ವರ್ಷ ವರ್ಷ ದುಪ್ಪಟ್ಟಾಗುತ್ತಾ ಹೋಗುತ್ತೆ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ 8ನೇ ತಲೆಮಾರು ಅಥವಾ ಮೇಲಿನದು, ಟಿಪಿಎಂ 2.0 (ಭದ್ರತೆಯ ಚಿಪ್) ಇದ್ದರೆ ವಿಂಡೋಸ್ 11 ಹಾಕಬಹುದು. ರ‍್ಯಾಮ್ ಸ್ಲಾಟ್ ಇದ್ದರೆ 16 ಮಾಡಿಸಿ ಇನ್ನೊಂದು ವರ್ಷ ದೂಡಿ. ಒಂದು ಎಚ್ಚರ: ಟಚ್‌ಪ್ಯಾಡ್ ಕ್ಲಿಕ್ ಆಗೋದು ಗಟ್ಟಿಯಾಗಿದ್ದರೆ, ಇಲ್ಲಾ ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಸ್ವಲ್ಪ ಅಲ್ಲಾಡುತ್ತಿದ್ದರೆ, ಕೆಳಗೆ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಅವತ್ತೇ ಆಫ್ ಮಾಡಿ ಪಕ್ಕಕ್ಕಿಡಿ, ಚಾರ್ಜ್‌ಗೆ ಹಾಕಬೇಡಿ. ಹೊಸದರಲ್ಲಿ ಹೀಗಾಗೋದು ಕಮ್ಮಿ ಆಗಬೇಕಾದರೆ, ಸದಾ ಪ್ಲಗ್‌ನಲ್ಲೇ ಇರುವ ಮೆಷಿನ್‌ಗಳಿಗೆ ಚಾರ್ಜ್ ಮಿತಿ 80 ಪರ್ಸೆಂಟ್ ಅಂತ ಮೊದಲ ದಿನವೇ ಸೆಟ್ ಮಾಡಿಬಿಡಿ.

ರಿಫರ್ಬಿಶ್ಡ್ ಬಗ್ಗೆ ನೀವು ಕೇಳಿಲ್ಲ, ಆದರೆ ಆಫೀಸಿನ ನಾಲ್ವರಿಗೆ ಅದೂ ಕೆಟ್ಟ ಆಯ್ಕೆಯಲ್ಲ. ಎರಡು ಮೂರು ವರ್ಷ ಹಳೆಯ ಬಿಸಿನೆಸ್ ಲ್ಯಾಪ್‌ಟಾಪ್ ಹೊಸ ಅಗ್ಗದ್ದಕ್ಕಿಂತ ಗಟ್ಟಿ ಇರುತ್ತೆ. ಬಯಾಸ್ ಪಾಸ್‌ವರ್ಡ್ ಇಲ್ಲ, ಹಿಂದಿನ ಕಂಪನಿಯ ಮ್ಯಾನೇಜ್‌ಮೆಂಟ್‌ನಲ್ಲಿ ಇನ್ನೂ ನೋಂದಣಿಯಾಗಿಲ್ಲ ಅನ್ನೋದನ್ನು ಮಾತ್ರ ದುಡ್ಡು ಕೊಡುವ ಮುಂಚೆ ವಿಂಡೋಸ್ ರೀಸೆಟ್ ಮಾಡಿ, ನೆಟ್‌ಗೆ ಜೋಡಿಸಿ ನೋಡಿಕೊಳ್ಳಿ.

ಆರ್ಡರ್ ಹಾಕುವ ಮುಂಚೆ ಒಂದೇ ಒಂದು ಪೀಸ್ ತರಿಸಿ. ಒಂದು ಮೂಲೆಯಲ್ಲಿ ಒಂದೇ ಕೈಯಲ್ಲಿ ಹಿಡಿದು ಎತ್ತಿ, ಕಿರ್ ಅನ್ನುತ್ತಾ ನೋಡಿ. ಮುಚ್ಚಳವನ್ನು ಒಂದೇ ಬೆರಳಲ್ಲಿ ತೆಗೆಯಿರಿ, ಕೆಳಭಾಗ ಜೊತೆಗೆ ಏಳಬಾರದು. ಆಮೇಲೆ ಅದನ್ನು ನಿಮ್ಮ ಆಫೀಸಿನಲ್ಲಿ ಅತಿ ಹೆಚ್ಚು ಗೊಣಗುವ ಮನುಷ್ಯನಿಗೆ ಕೊಟ್ಟು ಎರಡು ವಾರ ಬಿಡಿ, ಆ ಎರಡು ವಾರದಲ್ಲಿ ತಿಂಗಳ ಕೊನೆ ಬರುವ ಹಾಗೆ ನೋಡಿಕೊಳ್ಳಿ. ಅವರು ಹೇಳುವ ಪಟ್ಟಿ ಹಿಡಿದುಕೊಂಡು ಸಪ್ಲೈಯರ್ ಹತ್ತಿರ ಮತ್ತೆ ಮಾತಾಡಿ. ಹೊಸ ಕೊಟೇಶನ್ ಬಂದ ಮೇಲೆ ಪಾರ್ಟ್ ನಂಬರ್ ಸಮೇತ ಬರೆಯಿರಿ, ಜೊತೆಗೆ ಡಿಸೈನ್‌ನವರು ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಅನ್ನೋದನ್ನೂ. ನೋಡಿ ಹೇಳುತ್ತೇನೆ.